ಆರು ಸೆಕೆಂಡಿನ ಆರತಿ

ಡಿಸೆಂಬರ್ ಇಪ್ಪತ್ತರ ಶನಿವಾರ ಮಧ್ಯಾಹ್ನ ಎರಡೂವರೆಗೆ ಹೊಸಪೇಟೆಯ ಒಂದು ಸಣ್ಣ ಚರ್ಚಿನ ಐದು ಜನ ಕಂಪ್ಲಿಯ ಚಿತ್ರಮಂದಿರದ ಬಾಲ್ಕನಿಯಲ್ಲಿ ಕುಳಿತರು. ಅವರನ್ನು ಬಿಟ್ಟರೆ ಅಲ್ಲಿ ಏಳೆಂಟು ಜನರಿದ್ದರು. ಶನಿವಾರಕ್ಕೆ ಇದು ಕಡಿಮೆಯೇ.

ಮೊದಲ ಸೀಟಿನಲ್ಲಿ ಜಡೆಪ್ಪನವರು. ಸಂಡೂರಿನ ಗಣಿಯೊಂದರಲ್ಲಿ ಲಾರಿಗಳ ತೂಕ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಚರ್ಚಿನ ಹಿರಿಯರು, ಭಾನುವಾರ ಹಾರ್ಮೋನಿಯಂ ನುಡಿಸುವವರು. ಸಿನಿಮಾ ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅವರ ಪಕ್ಕದಲ್ಲಿ ಪಾಸ್ಟರ್ ಸಮುವೇಲಪ್ಪ, ನಂತರ ಮಹಿಳಾ ಸಂಘದ ದುರ್ಗಕ್ಕ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಕಾವ್ಯ. ಕೊನೆಯ ಸೀಟಿನಲ್ಲಿ ತಾಯಕ್ಕ. ಉಳಿದ ನಾಲ್ವರು ಬಂದದ್ದು ತಾಯಕ್ಕ ಈ ಸಿನಿಮಾದಲ್ಲಿ ಏನು ಮಾಡಿದ್ದಾರೆ ಎಂದು ನೋಡಲು.

ತಾಯಕ್ಕ ಹುಟ್ಟಿದ್ದು ಎಮ್ಮಿಗನೂರಿನಲ್ಲಿ, ದೇವಿಗೆ ನಡೆದುಕೊಳ್ಳುವ ಮನೆತನದಲ್ಲಿ. ಮದುವೆಯಾಗಿ ಹೊಸಪೇಟೆಯ ಈ ಚರ್ಚಿಗೆ ಬಂದರು. ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಚರ್ಚಿನಲ್ಲಿ ಹಾಡು ಎತ್ತಿಕೊಡುವವರು ಅವರೇ. ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನ ಚಿತ್ರತಂಡವೊಂದು ಹಂಪಿ, ಮಲಪನಗುಡಿ ಕಡೆ ಶೂಟಿಂಗ್ ಮಾಡಿತು. ದೇವಿಯ ಮೆರವಣಿಗೆಯ ದೃಶ್ಯಕ್ಕೆ ಹೆಂಗಸರು ಬೇಕೆಂದರು. ಓಣಿಯ ಹೆಂಗಸರ ಜೊತೆ ತಾಯಕ್ಕನೂ ಎರಡು ದಿನದ ಕೂಲಿಗೆ ಹೋದರು. ಆರತಿ ತಟ್ಟೆ ಹಿಡಿದ ರೀತಿ ನೋಡಿ ನಿರ್ದೇಶಕ ಅವರನ್ನು ಮುಂದೆ ನಿಲ್ಲಿಸಿದ. ಚಿಕ್ಕಂದಿನಲ್ಲಿ ಹಿಡಿದ ಕೈ, ಮರೆತಿರಲಿಲ್ಲ.

ನವೆಂಬರಿನಲ್ಲಿ ಸಿನಿಮಾದ ಟ್ರೇಲರ್ ಬಂತು. ಅದರಲ್ಲಿ ತಾಯಕ್ಕ ಆರು ಸೆಕೆಂಡು ಕಾಣುತ್ತಾರೆ. ಹಣೆ ತುಂಬ ಕುಂಕುಮ, ಕೈಯಲ್ಲಿ ಉರಿಯುವ ಕರ್ಪೂರ, ಅಗಲವಾದ ಕಣ್ಣು. ಹಿಂದೆ ಡೊಳ್ಳು, ದೇವಿಯ ಹಾಡು. ಒಂದು ವಾರದೊಳಗೆ ಚರ್ಚಿನ ಎಲ್ಲರ ಫೋನಿಗೂ ಅದು ಬಂತು. ಜಡೆಪ್ಪನವರು ಕಮಿಟಿ ಸಭೆಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು, ಇದರ ತೀರ್ಮಾನ ಆಗುವವರೆಗೆ ತಾಯಕ್ಕ ಕರ್ತನ ಭೋಜನಕ್ಕೆ ಬರಬಾರದು ಎಂದರು.

ಮುಂದಿನ ಕರ್ತನ ಭೋಜನ ಜನವರಿಯ ಮೊದಲ ಭಾನುವಾರ. ಒಂದು ರೊಟ್ಟಿ ಮುರಿದು ಎಲ್ಲರೂ ತಿನ್ನುತ್ತಾರೆ, ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುತ್ತಾರೆ. ಆ ಮೇಜಿಗೆ ಬರಬೇಡಿ ಎಂದು ಹಿಂದೆ ಇಬ್ಬರಿಗೆ ಹೇಳಿದ್ದುಂಟು. ಇಬ್ಬರೂ ಮತ್ತೆ ಚರ್ಚಿಗೆ ಬರಲಿಲ್ಲ. ತಾಯಕ್ಕನಿಗೆ ಇದು ಗೊತ್ತಿತ್ತು. ಗಂಡನ ಕಡೆಯವರು ದೂರವಾಗಿದ್ದರು. ಭಾನುವಾರ ಬಿಟ್ಟರೆ ಅವರು ನಾಲ್ಕು ಜನರ ನಡುವೆ ಕುಳಿತುಕೊಳ್ಳುವ ಜಾಗ ಬೇರೆ ಇರಲಿಲ್ಲ.

ಪಾಸ್ಟರ್ ತೀರ್ಮಾನವನ್ನು 'ವರ್ಷದ ನೋಟ'ದ ದಿನಕ್ಕೆ ಇಟ್ಟರು. ಇದು ಆ ಚರ್ಚಿನದೇ ಪದ್ಧತಿ. ವರ್ಷದ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರು ಎದ್ದು ನಿಂತು, ಆ ವರ್ಷದ ಸಿನಿಮಾ, ಎಲ್ಲರ ಬಾಯಲ್ಲಿದ್ದ ಹಾಡು, ಊರಲ್ಲಿ ಆದ ನಾಟಕ, ಇವುಗಳ ಬಗ್ಗೆ ಬರೆದದ್ದನ್ನು ಓದುತ್ತಾರೆ. ಅದರಲ್ಲಿ ಏನಿತ್ತು, ಯೇಸುವನ್ನು ನಂಬಿದವರು ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದೇ ವಿಷಯ. ಹಿಂದೊಬ್ಬ ಪಾಸ್ಟರ ಕಾಲದಲ್ಲಿ ಸಿನಿಮಾ ನೋಡುವುದೇ ತಪ್ಪಾಗಿತ್ತು. ಜನ ಹೊಸಪೇಟೆಯಲ್ಲಿ ನೋಡದೆ ಗಂಗಾವತಿಗೆ ಹೋಗಿ ನೋಡುತ್ತಿದ್ದರು. ಅಲ್ಲಿ ಒಬ್ಬರಿಗೊಬ್ಬರು ಸಿಕ್ಕಿಬಿದ್ದು ಮುಖ ತಿರುಗಿಸುತ್ತಿದ್ದರು. ನಂತರ ಬಂದವರು ನಿಷೇಧ ತೆಗೆದು, ನೋಡಿದ್ದನ್ನು ಚರ್ಚಿನಲ್ಲಿ ಹೇಳಿ ಎಂದರು. ನಿಯಮ ಒಂದೇ. ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದವರು ಮಾತ್ರ ಅದರ ಬಗ್ಗೆ ಮಾತನಾಡಬೇಕು. ಹೊಗಳುವವರಿಗೂ ಇದೇ, ಬೈಯುವವರಿಗೂ ಇದೇ.

ಈ ವರ್ಷದ ನೋಟ ಬರೆಯುವ ಸರದಿ ಕಾವ್ಯಳದು. ಅವಳು ಸಿನಿಮಾ ನೋಡಲೇಬೇಕಿತ್ತು. ಬೈಯಬೇಕಾದ ಜಡೆಪ್ಪನವರೂ ನೋಡಬೇಕಾಯಿತು. ಅಷ್ಟರಲ್ಲಿ ಚಿತ್ರ ಹೊಸಪೇಟೆಯಿಂದ ಹೋಗಿ ಕಂಪ್ಲಿಯಲ್ಲಿ ಮಧ್ಯಾಹ್ನದ ಆಟ ಮಾತ್ರ ಉಳಿದಿತ್ತು.

ಕಮಲಾಪುರ ದಾಟಿದ ಮೇಲೆ ಬಸ್ಸಿನಲ್ಲಿ ದುರ್ಗಕ್ಕ ಸುಮ್ಮನಿರಲಿಲ್ಲ.

"ಬೈಯಾಕಂತ ಟಿಕೆಟ್ ತಗೊಂಡು ಸಿನಿಮಾಕ್ಕ ಹೊಂಟ ಹಿರಿಯರನ್ನ ನಾ ಇವತ್ತ ನೋಡಿದ್ದು."

"ನಿನ್ನ ಟಿಕೆಟ್ಟೂ ನಾನ ತಗೊಂತೀನಿ, ಸುಮ್ನ ಕುಂದ್ರು," ಅಂದರು ಜಡೆಪ್ಪ.

"ಹಂಗಾದ್ರ ಮಿರ್ಚಿನೂ ನಿಮ್ದ."

ತಾಯಕ್ಕ ಕಿಟಕಿಯಾಚೆ ಬಾಳೆತೋಟ ನೋಡುತ್ತಿದ್ದರು. ಕ್ರಿಸ್‌ಮಸ್ಸಿನ ರವಿಕೆಗಳ ಕೆಲಸದಲ್ಲಿ ಅವರೂ ಸಿನಿಮಾ ನೋಡಿರಲಿಲ್ಲ.

ಸಿನಿಮಾದ ಕಥೆ ಇಷ್ಟು. ಸಂಡೂರಿನ ಒಬ್ಬ ಅದಿರು ಲಾರಿ ಚಾಲಕ ಬೆಳಗಿನ ಮಬ್ಬಿನಲ್ಲಿ ರಸ್ತೆ ಬದಿಯ ಕೂಲಿಯವನಿಗೆ ಗುದ್ದುತ್ತಾನೆ. ನಿಲ್ಲಿಸುವುದಿಲ್ಲ. ಯಾರೂ ನೋಡಿಲ್ಲ, ಕೇಸೂ ಆಗುವುದಿಲ್ಲ. ಆದರೆ ಅವನಿಗೆ ಊಟ ಸೇರುವುದಿಲ್ಲ. ಒಂದೊಂದೇ ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗುತ್ತಾನೆ. ತಲೆ ಬೋಳಿಸುತ್ತಾನೆ, ಹರಕೆ ಹಾಕುತ್ತಾನೆ, ದೇವಿಯ ಮೆರವಣಿಗೆಯಲ್ಲಿ ಬರಿಗಾಲಲ್ಲಿ ನಡೆಯುತ್ತಾನೆ. ಕೊನೆಗೆ ಸತ್ತವನ ತಾಯಿಯ ಗುಡಿಸಲಿಗೆ ಹೋಗಿ "ನಾನೇ" ಎಂದು ಹೇಳುತ್ತಾನೆ. ಮುದುಕಿ ಬಹಳ ಹೊತ್ತು ನೋಡುತ್ತಾಳೆ. ಅವನಿಗೆ ಒಂದು ತಂಬಿಗೆ ನೀರು ಕೊಟ್ಟು ಒಳಗೆ ಹೋಗುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ವಿರಾಮದವರೆಗೆ ತಾಯಕ್ಕ ತೆರೆಯ ಮೇಲೆ ಬರಲಿಲ್ಲ. ದುರ್ಗಕ್ಕ ಮಿರ್ಚಿಯ ಪೊಟ್ಟಣ ಬಿಚ್ಚುತ್ತ, "ಇನ್ನಾ ಬರಲಿಲ್ಲಲ್ಲ ಯಕ್ಕಾ?" ಎಂದರು.

"ಮೆರವಣಿಗಿ ಇನ್ನಾ ಬಂದಿಲ್ಲಲ್ಲ," ಎಂದರು ತಾಯಕ್ಕ.

ವಿರಾಮದ ನಂತರ ಮೆರವಣಿಗೆ ಬಂತು. ಡೊಳ್ಳು, ಹಾಡು, ಧೂಳು. ಮಲಪನಗುಡಿಯ ಹಳೆಯ ಬಾವಿಯ ಮೆಟ್ಟಿಲು. ತಾಯಕ್ಕ ಮುಂದಕ್ಕೆ ಬಾಗಿದರು. ಹೆಂಗಸರು ಹಾಡುತ್ತ ಬಂದರು. ಮುಂದೆ ಆರತಿ ಹಿಡಿದಿದ್ದವಳು ಬೇರೆ ಹೆಂಗಸು, ಅದೇ ಓಣಿಯ ರೇಣುಕಮ್ಮ. ಮೆರವಣಿಗೆ ಹೋಯಿತು. ತಾಯಕ್ಕ ಹಿಂದಕ್ಕೆ ಒರಗಿದರು. ಕೊನೆಯಲ್ಲಿ ಕೆಲಸಗಾರರ ಹೆಸರುಗಳು ಸರಿಯುವವರೆಗೂ ಐವರೂ ಕುಳಿತಿದ್ದರು. ಅವುಗಳಲ್ಲೂ ತಾಯಕ್ಕನ ಹೆಸರಿರಲಿಲ್ಲ.

ಐದೂಕಾಲಿಗೆ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯಲು ನಿಂತರು. ಮೊದಲು ಮಾತಾಡಿದವರು ಜಡೆಪ್ಪ. ಅವರ ದನಿಯಲ್ಲಿ ನಿರಾಳ ಇತ್ತು.

"ಸಿನಿಮಾದಾಗ ತಾಯಕ್ಕ ಇಲ್ಲ. ಇಲ್ಲದ್ದರ ಮ್ಯಾಲ ಮಾತಾಡಾಕ ನಿಯಮ ಇಲ್ಲ. ಮುಗೀತಲ್ಲ ಪಾಸ್ಟರೇ?"

"ನನ್ನ ತೆಗೆದಾರ್ರಿ. ನಾ ಮಾಡಿಲ್ಲಂತ ಅಲ್ಲ," ಎಂದರು ತಾಯಕ್ಕ. "ಎರಡು ದಿನ ಹಿಡಿದೀನಿ ಆ ತಟ್ಟಿ."

"ನೀ ಯಾಕ ಮೈಮ್ಯಾಲ ಹಾಕ್ಕೊಂತಿ?" ದುರ್ಗಕ್ಕ ಮೊಣಕೈಯಿಂದ ತಿವಿದರು. "ಜಡೆಪ್ಪಣ್ಣ ತಾನಾಗಿ ಬಿಟ್ಟುಬಿಟ್ಟಾನ, ಓಡಿ ಹೋಗಾಣ ನಡಿ."

ಟ್ರೇಲರಿನಲ್ಲಿ ಇದ್ದದ್ದು ಸಿನಿಮಾದಲ್ಲಿ ಯಾಕಿಲ್ಲ ಎಂದು ನೋಡಲು ಕಾವ್ಯ ಫೋನ್ ತೆಗೆದಳು. ಚಿತ್ರಮಂದಿರದೊಳಗೆ ಅದರ ದನಿ ಬಂದ್ ಮಾಡಿದ್ದಳು, ಮತ್ತೆ ಹಚ್ಚಲು ಮರೆತಿದ್ದಳು. ಟ್ರೇಲರ್ ಸದ್ದಿಲ್ಲದೆ ಓಡಿತು. ಜಡೆಪ್ಪನವರೂ ಬಗ್ಗಿ ನೋಡಿದರು. ಗಣಿಯಲ್ಲಿ ಅದಿರು ಪುಡಿ ಮಾಡುವ ಕ್ರಷರಿನ ಪಕ್ಕ ವರ್ಷಾನುಗಟ್ಟಲೆ ಕೂತು ಅವರ ಎಡಗಿವಿ ಮಂದವಾಗಿತ್ತು. ಹಾಗಾಗಿ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವಾಗ ಅವರು ಹಾಡುವವರ ತುಟಿ ನೋಡಿಯೇ ಕೈಯಾಡಿಸುತ್ತಿದ್ದರು. ಮನೆಯಲ್ಲಿ ಈ ಆರು ಸೆಕೆಂಡನ್ನು ಡೊಳ್ಳಿನ ಸದ್ದಿನೊಂದಿಗೆ ಎಷ್ಟೋ ಸಲ ನೋಡಿದ್ದರು. ಆಗೆಲ್ಲ ಕಂಡದ್ದು ಕುಂಕುಮ ಮತ್ತು ಕರ್ಪೂರ.

"ಇನ್ನೊಮ್ಮಿ ಹಚ್ಚು," ಎಂದರು.

ಕಾವ್ಯ ಮತ್ತೆ ಹಾಕಿದಳು.

"ತಾಯಕ್ಕ, ಇದು ದೇವಿ ಹಾಡಲ್ಲ."

ತಾಯಕ್ಕ ಚಹಾದ ಲೋಟಕ್ಕೆ ಊದಿದರು.

"ಸಂಜಿ ಪ್ರಾರ್ಥನಿ ಕೀರ್ತನಿ ಇದು. ಪಲ್ಲವಿ ಶುರುವಾಗೋ ಮುಂದ ನಿನ್ನ ತುಟಿ ಮೂರು ಸಲ ಕೂಡ್ತಾವ. ನಾ ವಾರಾ ವಾರಾ ನೋಡ್ತೀನಲ್ಲ."

ತಾಯಕ್ಕ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ನಡೆದದ್ದನ್ನು ಹೇಳಿದರು. ಹಾಡು ದೊಡ್ಡ ಸ್ಪೀಕರ್ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಹೆಂಗಸರು ಬಾಯಿ ಆಡಿಸಬೇಕಿತ್ತು. ಹಾಡಿನ ಸಾಲು ಬೆಳಗ್ಗೆ ಹೇಳಿಕೊಟ್ಟಿದ್ದರು. ನಿರ್ದೇಶಕ, ಮನಸ್ಸಿನಲ್ಲಿ ನಿಜವಾಗಿ ಬೇಡಿಕೊಳ್ಳಿ, ಮುಖದಲ್ಲಿ ಅದು ಕಾಣಬೇಕು ಎಂದ. ಆ ವಾರ ತಾಯಕ್ಕನ ಮಗಳು ಹೆರಿಗೆಗೆ ದವಾಖಾನೆಯಲ್ಲಿದ್ದಳು. "ಬೇಡಿಕೊಳ್ರಿ ಅಂದ. ಬೇಡಿಕೊಂಡೆ. ಬಾಯಾಗ ತಾನಾಗ ಅದ ಬಂತು. ಕ್ಯಾಮೆರಾದವನು ಭಾಳ ಮಸ್ತ್ ಬಂತು ಅಂದ. ತುಟಿ ಹಾಡಿಗೆ ಕೂಡಿಲ್ಲಂತ ಆಮ್ಯಾಲ ಗೊತ್ತಾಗಿ ಮತ್ತೊಮ್ಮಿ ತೆಗೆದಿರಬೇಕು. ಇವತ್ತ ರೇಣುಕಮ್ಮನ್ನ ನೋಡಿದ ಮ್ಯಾಲ ನನಗೂ ತಿಳೀತು."

ಜಡೆಪ್ಪನವರು ಕೈ ಎತ್ತಿ ಬೆಂಚಿಗೆ ಬಡಿದರು. ಲೋಟಗಳು ಅಲುಗಿದವು. "ಸಾಕ್ಷಿ! ಇದಕ್ಕ ಸಾಕ್ಷಿ ಅಂತಾರ! ದೇವಿ ಮುಂದ ನಿಂತು ಯೇಸುವಿನ ಹಾಡು ಹಾಡ್ಯಾಳ! ಕಾವ್ಯ, ನಿನ್ನ ನೋಟದಾಗ ಇದನ್ನ ಕೊನಿಗೆ ಇಡು. ನಾನ ಎದ್ದು ನಿಂತು ಹೇಳ್ತೀನಿ. ಭೋಜನಕ್ಕ ತಾಯಕ್ಕ ಮೊದಲ ಸಾಲಿನ್ಯಾಗ ಬರಲಿ."

"ಬ್ಯಾಡ್ರಿ," ಎಂದರು ತಾಯಕ್ಕ.

"ಏನು ಬ್ಯಾಡ?"

"ಹಂಗ ಹೇಳಬ್ಯಾಡ್ರಿ. ನಾ ದೇವಿಗೆ ಎದುರು ನಿಂತು ಏನೂ ಮಾಡಿಲ್ಲ. ಎಮ್ಮಿಗನೂರಾಗ ನಮ್ಮಕ್ಕ ವಿರುಪಮ್ಮ ಇವತ್ತಿಗೂ ಅದ ತಟ್ಟಿ ಹಿಡೀತಾಳ. ಅಕಿ ಕಿವಿಗೆ ಇದು ಬಿದ್ರ ಏನಂದ್ಕೊಂತಾಳ? ಕೂಲಿ ತಗೊಂಡು ಕೆಲಸಕ್ಕ ಹೋದೆ. ಹೇಳಿಕೊಟ್ಟ ಹಾಡು ಹಾಡಲಿಲ್ಲ. ಅವರ ಕೆಲಸ ಕೆಡ್ತು. ರವಿಕಿ ತಪ್ಪಾಗಿ ಹೊಲಿದು ಅದನ್ನ ಸಾಕ್ಷಿ ಅಂತೀನೇನು ನಾನು?"

"ಇದನ್ನ ಹೇಳಿದ್ರ ಯಾರೂ ನಿನ್ನ ತಡಿಯಾಂಗಿಲ್ಲ. ಹೇಳಲಿಲ್ಲಂದ್ರ ಆರತಿ ಹಿಡಿದದ್ದಷ್ಟ ಉಳೀತದ. ತಿಳೀತೇನು?"

"ತಿಳೀತ್ರಿ. ಅಷ್ಟ ಉಳೀಲಿ. ಅದಕ್ಕ ಬರಬ್ಯಾಡ ಅಂದ್ರ ಬರಾಂಗಿಲ್ಲ."

ಬಸ್ ಬಂತು. ಐವರೂ ಹತ್ತಿದರು.

ಇಪ್ಪತ್ತೆಂಟರ ಭಾನುವಾರ ಆರಾಧನೆ ಮುಗಿದು ಹನ್ನೊಂದೂವರೆಗೆ ಕಾವ್ಯ ನೋಟ ಓದಿದಳು. ಎಂಟು ಪುಟ. ಮೊದಲು ಆ ವರ್ಷ ಮದುವೆ ಮೆರವಣಿಗೆ, ಟ್ರ್ಯಾಕ್ಟರು, ಶಾಲಾ ವಾರ್ಷಿಕೋತ್ಸವ ಎಲ್ಲ ಕಡೆ ಕೇಳಿದ ಒಂದು ಹಾಡಿನ ಬಗ್ಗೆ. ಒಲ್ಲೆ ಎಂದ ಹುಡುಗಿಯನ್ನು ಬಿಡುವುದಿಲ್ಲ ಎಂದು ಹುಡುಗ ಹೆಮ್ಮೆಪಡುವ ಹಾಡು ಅದು. ಚರ್ಚಿನ ಯುವಕರು ಅದೇ ಧಾಟಿಗೆ ಕ್ರಿಸ್ತಜಯಂತಿಯ ಮಾತು ಕೂಡಿಸಿ ಕ್ಯಾರಲ್‌ಗೆ ಹೋಗಿದ್ದರು. "ಧಾಟಿ ಚೆನ್ನಾಗಿದೆ. ನನ್ನ ಕಾಲೂ ಕುಣಿಯಿತು," ಎಂದು ಓದಿದಳು ಕಾವ್ಯ. "ಆದರೆ ನಾವು ಹಾಡುತ್ತ ಬರುವಾಗ ಮನೆ ಬಾಗಿಲಲ್ಲಿ ನಿಂತ ಹುಡುಗಿಯರಿಗೆ ನೆನಪಾದದ್ದು ಯಾವ ಮಾತು? ನಾನು ಇಬ್ಬರನ್ನು ಕೇಳಿದೆ. ಇಬ್ಬರೂ ಹಳೆಯ ಮಾತೇ ಎಂದರು." ಯುವಕರ ಸಾಲಿನಲ್ಲಿ ಗುಸುಗುಸು ಆಯಿತು. ಒಬ್ಬ ತಲೆ ಕೆರೆದುಕೊಂಡ.

ಸಂಡೂರಿನಲ್ಲಿ ಕಸೂತಿ ಹಾಕುತ್ತ ಹಾಡಿದ ಲಂಬಾಣಿ ಹೆಂಗಸರ ಬಗ್ಗೆ ಅರ್ಧ ಪುಟ ಇತ್ತು. ಮಾತು ತಿಳಿಯಲಿಲ್ಲ, ಆದರೆ ಎದ್ದು ಬರಲಾಗಲಿಲ್ಲ ಎಂದು ಬರೆದಿದ್ದಳು. ತಿಳಿಯದ್ದಕ್ಕೆ ಅರ್ಥ ಕಟ್ಟಿರಲಿಲ್ಲ.

ಎಮ್ಮಿಗನೂರಿನಲ್ಲಿ ಶಾಲೆಯ ಸಹಾಯಕ್ಕಾಗಿ ಆಡಿದ ನಾಟಕದ ಬಗ್ಗೆ ಅವಳು ಸ್ವಲ್ಪ ಗಟ್ಟಿಯಾಗಿಯೇ ಬರೆದಿದ್ದಳು. ಅದರಲ್ಲಿ ಕುಡುಕ ಗಂಡ ಮೂರು ಅಂಕ ಹೆಂಡತಿಯನ್ನು ಹೊಡೆದು, ಕೊನೆಯ ಅಂಕದಲ್ಲಿ ಕಾಲಿಗೆ ಬೀಳುತ್ತಾನೆ. ಅವಳು ಕೂಡಲೇ ಎಬ್ಬಿಸಿ ಅಪ್ಪಿಕೊಳ್ಳುತ್ತಾಳೆ. ಜನ ಶಿಳ್ಳೆ ಹಾಕುತ್ತಾರೆ. "ಪರದೆ ಬೀಳಬೇಕಾದ್ದರಿಂದ ಅವಳು ಕ್ಷಮಿಸಿದಳು. ಕ್ಷಮೆಯ ಬೆಲೆಯನ್ನು ಯಾರಾದರೊಬ್ಬರು ತೆರಬೇಕು ಎಂದು ನಾವು ನಂಬುತ್ತೇವೆ. ನಾಟಕದಲ್ಲಿ ಅದನ್ನು ತೆತ್ತವಳು ಹೊಡೆತ ತಿಂದವಳೇ, ಎರಡನೇ ಸಲ."

ಲಾರಿ ಚಾಲಕನ ಸಿನಿಮಾ ಕೊನೆಗೆ ಬಂತು. ಈ ವರ್ಷ ತಾನು ನೋಡಿದ ಒಂಬತ್ತು ಸಿನಿಮಾಗಳಲ್ಲಿ ಪಶ್ಚಾತ್ತಾಪವನ್ನು ಸರಿಯಾಗಿ ತೋರಿಸಿದ್ದು ಇದೊಂದೇ ಎಂದು ಕಾವ್ಯ ಓದಿದಳು. ದೇವರ ಹತ್ತಿರ ಎಲ್ಲ ಕಡೆ ಹೋದವನು, ತಪ್ಪು ಮಾಡಿದ ಮನೆಗೆ ಕೊನೆಗೆ ಹೋದ. ನಾವೂ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಹೀಗೇ ಸುತ್ತು ಹಾಕುತ್ತೇವೆ. ಮುದುಕಿ "ಕ್ಷಮಿಸಿದೆ" ಎನ್ನಲಿಲ್ಲ. ಆ ಮಾತು ಹೇಳಿಸಿದ್ದರೆ ಸಿನಿಮಾ ಸುಳ್ಳಾಗುತ್ತಿತ್ತು. ನೀರು ಕೊಟ್ಟಳು.

ನಂತರ ತಾಯಕ್ಕನ ವಿಷಯ, ಮೂರು ಸಾಲು. "ಈ ಸಿನಿಮಾದ ಮೆರವಣಿಗೆಯಲ್ಲಿ ನಮ್ಮ ತಾಯಕ್ಕ ಎರಡು ದಿನ ಕೂಲಿಗೆ ಆರತಿ ಹಿಡಿದರು. ಟ್ರೇಲರಿನಲ್ಲಿ ಅವರಿದ್ದಾರೆ, ಸಿನಿಮಾದಲ್ಲಿ ಇಲ್ಲ. ಅವರು ಹೇಳಲು ಒಪ್ಪಿದ್ದು ಇಷ್ಟು, ನಾನು ಬರೆದದ್ದೂ ಇಷ್ಟು."

ಪಾಸ್ಟರ್ ಎದ್ದು ನಿಂತರು. "ನೋಡಿದವರು ಮಾತಾಡಬಹುದು."

ಹಿಂದಿನ ಸಾಲಿನಿಂದ ಕಮಿಟಿಯಲ್ಲಿದ್ದ ಗುತ್ತಿಗೆದಾರ ದಾನಿಯೇಲಪ್ಪ ಎದ್ದರು. "ನಾ ಸಿನಿಮಾ ನೋಡಿಲ್ಲ, ನೋಡೋದೂ ಇಲ್ಲ. ಒಂದ ಕೇಳ್ತೀನಿ. ಕೂಲಿ ಅಂದ್ರ ಏನು ಬೇಕಾದ್ರೂ ಮಾಡಬಹುದೇನು? ನಾಳಿ ನಮ್ಮ ಮಕ್ಕಳು ಇದನ್ನ ಹೇಳಿದ್ರ ಏನು ಉತ್ತರ ಕೊಡ್ತೀರಿ?"

ನಿಯಮದ ಪ್ರಕಾರ ಅವರನ್ನು ಕೂರಿಸಬಹುದಿತ್ತು. ಪಾಸ್ಟರ್ ಕೂರಿಸಲಿಲ್ಲ. "ಪ್ರಶ್ನಿ ಸರಿ ಐತಿ," ಎಂದರು. "ಜಡೆಪ್ಪನವರು ಇದನ್ನ ಎತ್ತಿದವರು. ಅವರು ನೋಡ್ಯಾರ. ಅವರ ಹೇಳಲಿ."

ಜಡೆಪ್ಪನವರಿಗೆ ಹಾರ್ಮೋನಿಯಂ ಹಿಂದಿನಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಕ್ಕ ಹೆಂಗಸರ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ, ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಎದ್ದು ಹೋಗಬೇಕಾದರೆ ಯಾರನ್ನೂ ದಾಟಬೇಕಿರಲಿಲ್ಲ.

"ತಾಯಕ್ಕನ ಪರವಾಗಿ ನನ್ನ ಹತ್ರ ಒಂದು ಮಾತು ಐತಿ," ಎಂದರು ಜಡೆಪ್ಪ. "ಅದನ್ನ ಹೇಳಿದ್ರ ನೀವೆಲ್ಲ ಚಪ್ಪಾಳಿ ಹೊಡೀತೀರಿ. ದಾನಿಯೇಲಪ್ಪನೂ ಹೊಡೀತಾನ. ಅಕಿ ಬ್ಯಾಡ ಅಂದಾಳ. ಎಂಟು ದಿನ ಆತು, ನನ್ನ ಗಂಟಲಾಗ ಕುಂತದ, ಹೇಳಾಂಗಿಲ್ಲ. ದಾನಿಯೇಲಪ್ಪ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ. ಕೂಲಿಗಂತ ಏನು ಬೇಕಾದ್ರೂ ಮಾಡಬಾರದು, ಅದು ಖರೆ. ನಾನೂ ಮೂವತ್ತು ವರ್ಷ ಗಣಿಯಾಗ ಕೂಲಿ ತಿಂದೀನಿ. ಏನೇನು ಕಳ್ಳ ತೂಕದ ಲಾರಿ ಕಣ್ಮುಂದ ಹೋದವು, ಯಾವ ಭಾನುವಾರನೂ ನನ್ನ ಯಾರೂ ಮೇಜಿನಿಂದ ಎಬ್ಬಿಸಿಲ್ಲ."

ಹಾರ್ಮೋನಿಯಮ್ಮಿನ ಮೇಲೆ ಕೈಯಿಟ್ಟು ಮುಂದುವರಿದರು.

"ಆ ಮುದುಕಿ ನೀರು ಕೊಡೋ ಮುಂದ ಏನೂ ಕೇಳಲಿಲ್ಲ. ನಾ ತಾಯಕ್ಕಗ ಕೇಳಾಕ ಪ್ರಶ್ನಿ ಜೋಡಿಸ್ಕೊಂಡು ಕಂಪ್ಲಿಗೆ ಹೋಗಿದ್ದೆ. ನನ್ನ ಮಾತು ವಾಪಸ್ ತಗೊಂತೀನಿ."

"ಹಂಗಾದ್ರ ಅಕಿ ತಪ್ಪು ಮಾಡಿಲ್ಲಂತೀರೇನು?" ಎಂದರು ದಾನಿಯೇಲಪ್ಪ.

"ಗೊತ್ತಿಲ್ಲಂತೀನಿ," ಎಂದು ಜಡೆಪ್ಪ ಕುಳಿತರು.

ದುರ್ಗಕ್ಕ ಕೈ ಎತ್ತಿದರು. "ನಾನೂ ಪೂರ್ತಿ ನೋಡೀನ್ರಿ. ಜಡೆಪ್ಪಣ್ಣ ಮುದುಕಿ ಬಂದಾಗ ಅತ್ತ. ಅದನ್ನೂ ನೋಟದಾಗ ಬರೀರಿ." ಒಂದಿಬ್ಬರು ನಕ್ಕರು. ಜಡೆಪ್ಪ ಹಾರ್ಮೋನಿಯಮ್ಮಿನ ಮುಚ್ಚಳ ಮುಚ್ಚಿದರು.

ಪಾಸ್ಟರ್ ಕಮಿಟಿಯವರನ್ನು ಅಲ್ಲಿಯೇ ಕೇಳಿದರು. ತಾಯಕ್ಕನನ್ನು ತಡೆಯಬೇಕು ಎಂದು ಕೈ ಎತ್ತಿದವರು ದಾನಿಯೇಲಪ್ಪ ಒಬ್ಬರೇ.

ಜನವರಿ ನಾಲ್ಕರ ಭಾನುವಾರ ತಾಯಕ್ಕ ಕರ್ತನ ಭೋಜನಕ್ಕೆ ಬಂದರು. ಮೊದಲ ಸಾಲಿನಲ್ಲಿ ಬರಲಿಲ್ಲ, ತಮ್ಮ ಸರದಿಯಲ್ಲಿ ಬಂದರು. ದಾನಿಯೇಲಪ್ಪನವರ ಮನೆಯ ನಾಲ್ವರೂ ಆ ದಿನ ಬರಲಿಲ್ಲ. ಮುಂದಿನ ತಿಂಗಳಿಂದ ಅವರು ಬೇರೆ ಚರ್ಚಿಗೆ ಹೋಗತೊಡಗಿದರು.